ಬಲೆ ಒಣಗುವ ಕಲ್ಲು

ನಗರಸಭೆಯವರು ಕೊಟ್ಟ ಕೀಲಿ ಬೇಕಾಗಲೇ ಇಲ್ಲ.
ಗೋಡೆ ಬಿದ್ದ ಕಡೆ ಆಡುಗಳು ಮಾಡಿಕೊಂಡ ದಾರಿಯಲ್ಲೇ
ಒಳಗೆ ಹೋದೆವು, ನಾನು ಮತ್ತು ಹುಲ್ಲು ಹೆರೆಯುವ ಬುದವಂತ ಗೌಡ.
ಅವನ ಕೈಯಲ್ಲಿ ಕತ್ತಿ. ನನ್ನ ಕೈಯಲ್ಲಿ
ಹಾಳೆಯ ಸುರುಳಿ, ತೆಂಗಿನ ಕರಟದ ಇದ್ದಿಲು,
ಜೇಬಿನಲ್ಲಿ ಇಂಗ್ಲೆಂಡಿನ ಯಾವುದೋ ಹಳ್ಳಿಯ ಕಾಗದ,
ಹೆಡ್‌ಮಾಸ್ತರರ ಮೇಜಿನಿಂದ
ಡ್ರಾಯಿಂಗ್ ಮಾಸ್ತರನೆಂದು ನನ್ನ ಪಾಲಿಗೆ ಬಂದದ್ದು.

ಬರೆದವಳು ಮುದುಕಿ; ಅಕ್ಷರ ನಡುಗುತ್ತವೆ.
ಅವರೂರಿನ ಚರ್ಚಿನಂಗಳದಲ್ಲಿ ಒಂದು ಕಲ್ಲಿನ ಶಿಲುಬೆ,
ದೊಡ್ಡ ಯುದ್ಧಕ್ಕೆ ಹೋಗಿ ಬಾರದವರ ಹೆಸರು ಹನ್ನೊಂದು.
ವರ್ಷಕ್ಕೊಮ್ಮೆ ಚಳಿಯಲ್ಲಿ ನಿಂತು ಗಟ್ಟಿಯಾಗಿ ಓದುತ್ತಾರಂತೆ.
ಹನ್ನೆರಡನೆಯವನೊಬ್ಬ ಇದ್ದ.
ಯುದ್ಧ ಕಾಣುವ ಮೊದಲೇ ಹಡಗಿನಲ್ಲಿ ಜ್ವರ ಬಂದು
ಅವನನ್ನು ಕಾರವಾರದಲ್ಲಿ ಇಳಿಸಿದರು.
ಜ್ವರದಿಂದ ಸತ್ತವನ ಹೆಸರು ಶಿಲುಬೆ ಹತ್ತಲಿಲ್ಲ.
"ಕಲ್ಲು ಇನ್ನೂ ಇದ್ದರೆ ಒಂದು ಅಚ್ಚು ತೆಗೆದು ಕಳಿಸಿ. ಎಡ್ವಿನ್ ಅಂತ."

ಕಲ್ಲುಗಳಿದ್ದವು. ಒಂದಕ್ಕೆ ಲಂಟಾನ, ಒಂದಕ್ಕೆ ಹುತ್ತ.
ಕಪ್ತಾನನೊಬ್ಬನ ಗೋರಿಯ ಮೇಲೆ
ಯಾರೋ ಶೆಟ್ಲಿ ಒಣಹಾಕಿದ್ದರು.
ಮೂಲೆಯ ಚಪ್ಪಟೆ ಕಲ್ಲಿಗೆ ನೀಲಿ ನೈಲಾನ್ ಬಲೆ.
ಬುದವಂತ ಬಲೆಯ ಅಂಚು ಎತ್ತಿದ,
"ಸಣ್ಣ ಕಲ್ಲು ಮಾಸ್ತರ್ರೆ, ಹುಡುಗನದೇ ಇರಬೇಕು."

ಹಾಳೆ ಹಾಸಿ ಇದ್ದಿಲು ಮಲಗಿಸಿ ಉಜ್ಜಿದೆ,
ಕಾದ ಹಣೆಯ ಮೇಲೆ ಒದ್ದೆ ಬಟ್ಟೆ ಎಳೆದ ಹಾಗೆ, ಒತ್ತದೆ.
ಮೊದಲು ಎದ್ದದ್ದು ಕಲ್ಲಿನ ಚರ್ಮ.
ಆಮೇಲೆ ಒಂದು, ಒಂಬತ್ತು: ವಯಸ್ಸೋ, ಇಸವಿಯ ತಲೆಯೋ.
ಆಮೇಲೆ ಇ, ಡಿ, ಉಪ್ಪು ತಿಂದ ಡಬ್ಲ್ಯೂ.
ಅದರ ಕೆಳಗೆ, ದೇವರ ಮಾತು ಇರಬೇಕಾದಲ್ಲಿ,
ಅಡ್ಡ, ಉದ್ದ, ಓರೆ ಗೆರೆಗಳು.
ಇದೇನೆಂದು ಕಣ್ಣುಜ್ಜಿಕೊಂಡು ಮುಖಕ್ಕೆಲ್ಲ ಮಸಿ ಮಾಡಿಕೊಂಡೆ.
ಬುದವಂತ ನಕ್ಕ. "ಹುಲಿ-ಕುರಿ ಆಟದ ಮನೆ!
ಸಾಲೆ ತಪ್ಪಿಸಿ ಬಂದು ನಾವೇ ಮೊಳೆಯಲ್ಲಿ ಕೊರೆದದ್ದು.
ಇವನ ಎದೆಯ ಮೇಲೆ ಕೂತು ಎಷ್ಟು ಹುಲಿ ಕಟ್ಟಿದೆನೋ."

ಬೀಡಿ ಹಚ್ಚಿದ. ಸೇದುವುದು ಮರೆತ.
"ನಮ್ಮ ಅಜ್ಜನ ಅಣ್ಣ, ಬೊಮ್ಮು. ಅದೇ ಯುದ್ಧಕ್ಕೆ ಬಸ್ರಾಕ್ಕೆ ಹೋದ.
ಬಂದೂಕಿಗಲ್ಲ, ಹೇಸರಗತ್ತೆಗಳಿಗೆ ಹುಲ್ಲು ಕೊಯ್ಯಲಿಕ್ಕೆ.
ಅವನು ಬರಲಿಲ್ಲ, ಕಂಚಿನ ಬಿಲ್ಲೆ ಬಂತು.
ಅದೂ ಒಂದು ಗಣಪತಿ ಹಬ್ಬಕ್ಕೆ ತೂಕದ ಲೆಕ್ಕದಲ್ಲಿ ಹೋಯಿತು.
ಅವನಿಗೆ ಅಲ್ಲಿ ಕಲ್ಲು ಇಟ್ಟಿದ್ದಾರೋ? ಕೇಳಿ ಬರೆಯಿರಿ ಅವಳಿಗೆ."

ಗೊತ್ತಿಲ್ಲ ಅಂದೆ. ಅವಳಿಗೂ ಗೊತ್ತಿರಲಿಕ್ಕಿಲ್ಲ ಅಂದೆ.

"ನಮ್ಮ ಕೇರಿಯ ತಲೆಗೆ ವೀರಗಲ್ಲುಂಟು.
ಕತ್ತಿ ಹಿಡಿದವ ಯಾರೆಂದು ಒಬ್ಬರಿಗೂ ಗೊತ್ತಿಲ್ಲ,
ಆದರೂ ಅಮಾಸೆಗೆ ಎಣ್ಣೆ ಬಿಡುತ್ತೇವೆ.
ಇವನಿಗೆ ಹೆಸರುಂಟು, ಎಣ್ಣೆ ಇಲ್ಲ." ಬೀಡಿ ಆರಿಹೋಗಿತ್ತು.

ರಾತ್ರಿ ಕೋಡಿಬಾಗದ ಮನೆಯಲ್ಲಿ, ದೀಪದಡಿ,
ಅಚ್ಚು ಚೊಕ್ಕವಿರಲಿ ಎಂದು ರಬ್ಬರು ಹಿಡಿದೆ.
ಹುಲಿಮನೆಯ ಒಂದು ಗೆರೆ ಅಳಿಸಿದೆ;
ಗೆರೆಯ ಜೊತೆ ಅಷ್ಟು ಕಲ್ಲೂ ಹೋಯಿತು.
ಮೂವತ್ತು ವರ್ಷ ಮಕ್ಕಳಿಗೆ ಅಳಿಸಿ ಬರೆಯಿರಿ ಅಂದವನು
ಅದನ್ನು ಮತ್ತೆ ಕಪ್ಪು ಮಾಡುವಷ್ಟರಲ್ಲಿ ಬೆವೆತೆ.
ಹಾಳೆಯ ಬೆನ್ನಿಗೆ ದೊಡ್ಡದಾಗಿ ಬರೆದೆ, ಬೊಮ್ಮು ಗೌಡ, ಬಸ್ರಾ,
ಕೆಳಗೆ ಇಂಗ್ಲಿಷಿನಲ್ಲಿ, ನಾಲಗೆ ಎಲ್ಲಿ ಒತ್ತಬೇಕೆಂದು ಗುರುತು ಹಾಕಿ.

ಬೆಳಿಗ್ಗೆ ಆ ಕಡೆಯಿಂದಲೇ ಹೋದೆ.
ಬಲೆ ತನ್ನ ಜಾಗಕ್ಕೆ ಮರಳಿತ್ತು. ಎತ್ತಿದವರ್ಯಾರು ಎಂದು
ಹರಿಕಂತರ ಸೊಮಯಾ ಗೋಡೆಯಾಚೆಯಿಂದ ಬೈಯುತ್ತಿದ್ದಳು.

ಅಂಚೆಯವ ಸುರುಳಿಯನ್ನು ತಕ್ಕಡಿಗೆ ಹಾಕಿದ.
"ಒಳಗೇನು?"
"ಇದ್ದಿಲು."
"ಬೆಲೆ ಎಷ್ಟೆಂದು ಬರೆಯಲಿ?"
ನಾನು ಹೇಳುವ ಮೊದಲೇ ಸ್ಟಾಂಪಿಗೆ ಉಗುಳು ಹಚ್ಚಿದ.
ಅವನ ಹೆಬ್ಬೆರಳು ಕಪ್ಪಾಯಿತು, ಸ್ಟಾಂಪೂ.